ಅಳತೆಗೆ ಮುಂಚೆ ಬಂದ ಮಕ್ಕಳು

2022ರ ಜೂನ್‌ನಲ್ಲಿ ಮುಂಬಯಿಯ ಶಾಲೆಗಳು ಕೊರೊನಾದ ನಂತರ ಮೊದಲ ಬಾರಿಗೆ ಎಂದಿನಂತೆ ವರ್ಷ ಆರಂಭಿಸಿದಾಗ ನಾನು ಶಿಕ್ಷಣ ಇಲಾಖೆಯಲ್ಲಿ ಬೀಟ್ ಆಫೀಸರ್ ಆಗಿದ್ದೆ. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಬೀಟ್ ಎಂದರೆ ಒಬ್ಬ ಅಧಿಕಾರಿಯ ಉಸ್ತುವಾರಿಗೆ ಒಪ್ಪಿಸಿದ ಶಾಲೆಗಳ ಗುಂಪು. ನನ್ನ ಪಾಲಿಗೆ ಬಂದಿದ್ದವು ಕನ್ನಡ ಮಾಧ್ಯಮದ ಶಾಲೆಗಳು. ಸಾಂತಾಕ್ರೂಜ್‌ನಲ್ಲಿ ಲೋಕಲ್ ಹತ್ತಿ, ಮಾಹಿಮ್‌ನಲ್ಲಿ ಇಳಿದು ಧಾರಾವಿಯ ಶಾಲೆಗೆ ನಡೆದೇ ಹೋಗುತ್ತಿದ್ದೆ.

ಆ ವರ್ಷ ಎಲ್ಲ ಶಾಲೆಗಳಲ್ಲೂ ಮಕ್ಕಳ ಓದಿನ ಮಟ್ಟವನ್ನು ಎರಡು ಸಲ, ಜುಲೈನಲ್ಲಿ ಮತ್ತು ಫೆಬ್ರವರಿಯ ಕೊನೆಯಲ್ಲಿ, ಅಳೆಯಬೇಕೆಂದು ಆದೇಶ ಬಂತು. ಪ್ರತಿ ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು ಓದಿಸುವುದು. ಅಕ್ಷರ, ಪದ, ವಾಕ್ಯ, ಪರಿಚ್ಛೇದ, ಸಣ್ಣ ಕಥೆ ಎಂದು ಐದು ಮೆಟ್ಟಿಲು. ಮಗು ಯಾವ ಮೆಟ್ಟಿಲಲ್ಲಿ ನಿಲ್ಲುತ್ತದೋ ಅದೇ ಅದರ ಮಟ್ಟ. ಕೊನೆಯ ಮೆಟ್ಟಿಲು ಹತ್ತಿದ ಮಕ್ಕಳು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ ಶಾಲೆಗೆ ಒಂದು ಬಣ್ಣ ಕೊಡಲಾಗುತ್ತಿತ್ತು. ಚೆನ್ನಾಗಿದ್ದರೆ ಹಸಿರು, ಸಾಧಾರಣವಾದರೆ ಹಳದಿ, ಹಿಂದುಳಿದಿದ್ದರೆ ಕೆಂಪು. ಎರಡು ಸಲವೂ ಕೆಂಪು ಬಂದ ಸಣ್ಣ ಶಾಲೆಗಳ ಮೇಲಿನ ತರಗತಿಗಳನ್ನು ದೂರದ ದೊಡ್ಡ ಶಾಲೆಗೆ ಸೇರಿಸುವ ಪ್ರಸ್ತಾಪವೂ ಇತ್ತು.

ಧಾರಾವಿಯ ಶಾಲೆಗೆ ಜುಲೈನಲ್ಲಿ ಕೆಂಪು ಬಂತು. ಅಚ್ಚರಿಯೇನೂ ಆಗಲಿಲ್ಲ. ಅಲ್ಲಿನ ಮಕ್ಕಳು ಹೆಚ್ಚಾಗಿ ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಚರ್ಮದ ಚೀಲದ ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರ ಮಕ್ಕಳು. ಶಾಲೆ ಮುಚ್ಚಿದ್ದ ಕಾಲದಲ್ಲಿ ಹಲವರು ಊರಿಗೆ ಹೋಗಿ ಬಂದಿದ್ದರು. ಒಂದು ಮೊಬೈಲಿನಲ್ಲಿ ಮೂವರು ಪಾಠ ಕೇಳಿದ ಮನೆಗಳೂ ಇದ್ದವು.

ಮುಖ್ಯೋಪಾಧ್ಯಾಯಿನಿ ಸುಜಾತಾ ಟೀಚರ್ ಉಡುಪಿ ಕಡೆಯವರು. ಮಾತು ಮೆದು, ಕೆಲಸ ಗಟ್ಟಿ. ಕೆಂಪು ಬಣ್ಣದ ಕಾಗದ ಕೈಗೆ ಬಂದ ಮರುದಿನವೇ ಅವರು ಬೆಳಗಿನ ಮೊದಲ ತಾಸನ್ನು ಓದಿಗೆ ಮೀಸಲಿಟ್ಟರು. ಆ ತಾಸಿನಲ್ಲಿ ತರಗತಿಯ ಲೆಕ್ಕವಿಲ್ಲ. ಪದ ಓದುವವರು ಒಂದು ಕೋಣೆಯಲ್ಲಿ, ವಾಕ್ಯ ಓದುವವರು ಇನ್ನೊಂದರಲ್ಲಿ. ಏಳನೆಯ ತರಗತಿಯ ಹುಡುಗನೊಬ್ಬ ಮೂರನೆಯ ತರಗತಿಯ ತಂಗಿಯ ಪಕ್ಕ ಕೂರಲು ಮೊದಲು ನಾಚುತ್ತಿದ್ದ. ದೀಪಾವಳಿ ಕಳೆಯುವಷ್ಟರಲ್ಲಿ ನಾಚಿಕೆ ಹೋಗಿತ್ತು. ಡಿಸೆಂಬರ್‌ನಲ್ಲಿ ನಾನೇ ಓದಿಸಿ ನೋಡಿದೆ. ಹಳದಿ ಬರುವುದು ಖಚಿತವೆನಿಸಿತು.

ಜನವರಿಯಲ್ಲಿ ನಾನು ಶಾಲೆಯಲ್ಲಿದ್ದ ಒಂದು ದಿನ ಶರಣಮ್ಮ ಎಂಬ ಹೆಂಗಸು ಮಗಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದರು. ಪುಣೆಯ ಕಟ್ಟಡದ ಕೆಲಸ ಮುಗಿಸಿ ಆಗಷ್ಟೇ ಧಾರಾವಿಗೆ ಬಂದಿದ್ದ ಸಂಸಾರ. ಮಗಳು ಭಾಗ್ಯ. ವಯಸ್ಸಿನ ಪ್ರಕಾರ ಆರನೆಯ ತರಗತಿಗೆ ಸೇರಬೇಕಾದವಳು. ಶಾಲೆಯ ಮುಖ ನೋಡಿ ಮೂರು ವರ್ಷವಾಗಿತ್ತು. ತಮ್ಮಂದಿರು ಶಾಲೆಗೆ ಹೋದವರೇ ಅಲ್ಲ. ಅದೇ ಓಣಿಯಲ್ಲಿ ಇನ್ನೂ ನಾಲ್ಕು ಮಕ್ಕಳಿದ್ದಾರೆ, ಇವರನ್ನು ಸೇರಿಸಿಕೊಂಡರೆ ಅವರೂ ಬರುತ್ತಾರೆ ಎಂದರು.

ಸುಜಾತಾ ಟೀಚರ್ ನನ್ನನ್ನು ಪಕ್ಕದ ಕೋಣೆಗೆ ಕರೆದರು.

“ಎಂತ ಮಾಡುವುದು ಮೇಡಂ? ಈಗ ಹೆಸರು ಬರೆದುಕೊಂಡರೆ ಏಳು ಮಂದಿಯೂ ಫೆಬ್ರವರಿ ಟೆಸ್ಟಿಗೆ ಬರ್ತಾರೆ. ಹಳದಿ ಕೈ ತಪ್ಪಿ ಹೋಗ್ತದೆ. ಮಾರ್ಚಿನಲ್ಲಿ ಬನ್ನಿ ಅಂತ ಹೇಳುವುದಾ?”

ಪ್ರವೇಶ ನಿರಾಕರಿಸುವುದು ನಿಯಮಕ್ಕೆ ವಿರುದ್ಧವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಶಾಲೆಯ ಮೇಲಿನ ತರಗತಿಗಳು ಹೋದರೆ ಅಲ್ಲಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಹೆದ್ದಾರಿ ದಾಟಿ, ಬಸ್ಸು ಹಿಡಿದು ಬೇರೆ ಶಾಲೆಗೆ ಹೋಗುತ್ತಾರೆ? ಏಳು ಮಕ್ಕಳನ್ನು ಕೆಲವು ವಾರ ಕಾಯಿಸಿದರೆ ಉಳಿದವರಿಗೆ ಶಾಲೆ ಉಳಿಯುತ್ತದೆ. ಆ ಯೋಚನೆಯಲ್ಲಿ ಸ್ವಾರ್ಥವಿರಲಿಲ್ಲ. ಅದಕ್ಕೇ ಅದನ್ನು ತಳ್ಳಿಹಾಕುವುದು ಕಷ್ಟವಾಯಿತು.

ನಾವು ಹೊರಗೆ ಬಂದೆವು. ಮಾರ್ಚ್ ಎಂಬ ಮಾತು ಶರಣಮ್ಮನ ಕಿವಿಗೆ ಬಿದ್ದಿತ್ತು.

“ಅಲ್ಲೀತನಕಾ ಈಕಿ ಮನ್ಯಾಗ ಕುಂದ್ರಂಗಿಲ್ರೀ ಅಕ್ಕೋರ,” ಎಂದರು. “ಚೀಲಾ ಹೊಲಿಯೋ ಕಾರ್ಖಾನ್ಯಾಗ ದಾರಾ ಕತ್ತರಸಾಕ ಕರ್ಯಾಕತ್ತಾರ. ಒಮ್ಮಿ ಪಗಾರ ಕೈಗೆ ಬಂತಂದ್ರ ಇವರಪ್ಪ ಮತ್ತ ಸಾಲಿಗಿ ಕಳಸಂಗಿಲ್ಲ.”

ಸುಜಾತಾ ಟೀಚರ್ ಹುಡುಗಿಯ ಕಡೆ ತಿರುಗಿದರು. “ನಿಂಗೆ ಎಂತೆಲ್ಲಾ ಬರ್ತದೆ ಮಗಾ?”

“ಹೆಸರ ಬರೀತೀನ್ರೀ.”

ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ‘ಭಗ್ಯ’ ಎಂದು ಬರೆದಳು. ದೀರ್ಘ ಬಿಟ್ಟುಹೋಗಿತ್ತು. ಬರೆದು, ಸರಿಯಿದೆಯೇ ಎಂಬಂತೆ ನಮ್ಮಿಬ್ಬರ ಮುಖ ನೋಡಿದಳು. ಟೀಚರ್ ಅವಳ ಕೈಯಲ್ಲೇ ಆ ದೀರ್ಘವನ್ನು ಹಾಕಿಸಿದರು. ಆಮೇಲೆ ಪ್ರವೇಶ ಪುಸ್ತಕ ತರಿಸಿದರು.

“ಬಣ್ಣ ಯಾವುದಾದರೂ ಬರಲಿ ಮೇಡಂ. ಇವಳನ್ನು ಹೊರಗೆ ನಿಲ್ಲಿಸಿ ಹಳದಿ ಬಂದರೆ ನನಗೆ ಊಟ ಸೇರುವುದಿಲ್ಲ.”

“ಬರೆದುಕೊಳ್ಳಿ. ವರದಿಯ ಚಿಂತೆ ನನಗಿರಲಿ,” ಎಂದೆ. ಏನು ಮಾಡಬೇಕೆಂದು ಆಗ ನನಗೂ ತಿಳಿದಿರಲಿಲ್ಲ.

ಫೆಬ್ರವರಿಯಲ್ಲಿ ಬೇರೆ ಶಾಲೆಯ ಶಿಕ್ಷಕರು ಬಂದು ಅಳೆದರು. ಭಯಪಟ್ಟಂತೆಯೇ ಆಯಿತು. ಹಳದಿಗೆ ಕೂದಲೆಳೆಯಷ್ಟು ಕಡಿಮೆ, ಮತ್ತೆ ಕೆಂಪು. ಹೊಸ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದ್ದರೆ ಹಳದಿ ಬರುತ್ತಿತ್ತು. ನಾನು ಅಂಕಿ ಬದಲಿಸಲಿಲ್ಲ. ಕೆಂಪನ್ನು ಕೆಂಪೆಂದೇ ಕಳಿಸಿದೆ. ಜೊತೆಗೆ ಒಂದು ಹಾಳೆ ಲಗತ್ತಿಸಿದೆ. ಅದರಲ್ಲಿ ಪ್ರತಿ ಮಗುವೂ ಯಾವ ಮೆಟ್ಟಿಲಿನಿಂದ ಹೊರಟಿತು, ಯಾವ ಮೆಟ್ಟಿಲಿಗೆ ಬಂತು ಎಂದು ತೋರಿಸಿದ್ದೆ. ನಡುವೆ ಸೇರಿದವರನ್ನು ಬೇರೆಯಾಗಿ ಬರೆದು, ಸೇರಿದ ದಿನದ ಮಟ್ಟವನ್ನೂ ನಮೂದಿಸಿದ್ದೆ.

ಪರೇಲ್‌ನ ಕಚೇರಿಯಲ್ಲಿ ಪರಿಶೀಲನಾ ಸಭೆ ನಡೆಯಿತು. ನಮ್ಮ ಮೇಲಧಿಕಾರಿ ಕದಮ್ ಸಾಹೇಬರು ನೇರ ಮನುಷ್ಯ. ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ರೆಡ್ ಮ್ಹಣಜೆ ರೆಡ್,” ಎಂದರು, ಕೆಂಪೆಂದರೆ ಕೆಂಪೇ ಎಂಬ ಅರ್ಥದಲ್ಲಿ.

“ಹೌದು ಸಾಹೇಬ್,” ಎಂದು ಮರಾಠಿಯಲ್ಲೇ ಹೇಳಿದೆ. “ಶಾಲೆ ಹಿಂದಿದೆ, ಒಪ್ಪುತ್ತೇನೆ. ಆದರೆ ಅದು ಮುಂದೆ ನಡೆಯುತ್ತಿದೆ. ನಮ್ಮ ವರದಿಯಲ್ಲಿ ಮೊದಲನೆಯದಕ್ಕೆ ಜಾಗವಿದೆ, ಎರಡನೆಯದಕ್ಕಿಲ್ಲ. ಒಮ್ಮೆ ಬಂದು ನೋಡಿ.”

ಅವರು ಹಾಳೆಯನ್ನು ಮಡಚಿ ಕಡತದಲ್ಲಿಟ್ಟುಕೊಂಡರು. ಏಪ್ರಿಲ್ ಮೊದಲ ವಾರ ಮುನ್ಸೂಚನೆಯಿಲ್ಲದೆ ಶಾಲೆಗೆ ಬಂದೇಬಿಟ್ಟರು. ನನಗೆ ಶಾಲೆಯಿಂದ ಫೋನ್ ಬಂದಾಗ ನಾನು ಹತ್ತಿರದಲ್ಲೇ ಇದ್ದೆ, ಓಡೋಡಿ ಹೋದೆ. ಸಾಹೇಬರು ನನ್ನ ಹಾಳೆಯಿಂದ ತಾವೇ ಒಂದು ಹೆಸರು ಆರಿಸಿದ್ದರು. ಭಾಗ್ಯ.

ಅವಳಿಗೆ ಹೊಸ ಪರಿಚ್ಛೇದವೊಂದನ್ನು ಕೊಟ್ಟರು. ಮೂರು ತಿಂಗಳ ಹಿಂದೆ ಅಕ್ಷರದ ಮೆಟ್ಟಿಲಲ್ಲಿದ್ದ ಹುಡುಗಿ. ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ಉಸಿರು ತೆಗೆದುಕೊಂಡು ಓದಿದಳು. ಅರ್ಧಕ್ಕೆ ಬಂದಾಗ ಸಾಹೇಬರು ಕೈಯೆತ್ತಿ ತಡೆದರು. ಅವರಿಗೆ ಕನ್ನಡ ಬಾರದು. ಏನು ಓದಿದೆ ಎಂದು ಹಿಂದಿಯಲ್ಲಿ ಕೇಳಿದರು, “ಕ್ಯಾ ಪಢಾ? ಬತಾವ್.”

ಅವಳೂ ಹಿಂದಿಯಲ್ಲೇ ಹೇಳಿದಳು. ಒಬ್ಬ ಅಜ್ಜಿ ಬಜಾರಿಗೆ ಹೋದಳು, ಛತ್ರಿ ಅಂಗಡಿಯಲ್ಲಿ ಮರೆತಳು, ಹುಡುಕಿಕೊಂಡು ವಾಪಸ್ ಹೊರಟಳು.

“ಫಿರ್? ಛತ್ರೀ ಮಿಲೀ?” ಆಮೇಲೆ ಛತ್ರಿ ಸಿಕ್ಕಿತೇ ಎಂದು ಸಾಹೇಬರು ಕೇಳಿದರು.

“ಮಾಲೂಮ್ ನಹೀ ಸಾಬ್,” ಎಂದಳು ಭಾಗ್ಯ. “ಆಗೇ ಪಢನಾ ಹೈ.”

ಗೊತ್ತಿಲ್ಲ, ಇನ್ನೂ ಮುಂದೆ ಓದಬೇಕು. ಸಾಹೇಬರು ಜೋರಾಗಿ ನಕ್ಕುಬಿಟ್ಟರು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ಪಢೋ, ಪಢೋ,” ಎಂದರು. ಅವಳು ಓದಿದಳು. ಒಂದು ಸಾಲಿಗೆ ಬಹಳ ಹೊತ್ತು ಹಿಡಿಯಿತು. ಯಾರೂ ಹೇಳಿಕೊಡಲಿಲ್ಲ. ಕೊನೆಯ ಸಾಲು ಮುಗಿಸಿ ತಲೆಯೆತ್ತಿ, “ಮಿಲೀ ಸಾಬ್!” ಎಂದಳು. ಛತ್ರಿ ಸಿಕ್ಕಿತ್ತು. ಸುಜಾತಾ ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಲಿನ ತರಗತಿಗಳನ್ನು ಬೇರೆಡೆ ಸೇರಿಸುವ ಪ್ರಸ್ತಾಪವನ್ನು ಒಂದು ವರ್ಷ ಮುಂದೂಡಿದ ಆದೇಶ ಮೇ ತಿಂಗಳಲ್ಲಿ ಬಂತು. ಮುಂದಿನ ವರ್ಷದ ವರದಿಯಲ್ಲಿ ಮಗು ಹೊರಟ ಮೆಟ್ಟಿಲನ್ನೂ ನಮ್ಮ ವಿಭಾಗದ ಎಲ್ಲ ಶಾಲೆಗಳು ತೋರಿಸಬೇಕೆಂಬ ಸೂಚನೆಯೂ ಅದರಲ್ಲಿತ್ತು. ಮರುವರ್ಷ ಶಾಲೆಗೆ ಹಳದಿ ಬಂತು. ನಾನು ನಿವೃತ್ತಳಾಗುವವರೆಗೆ ಹಸಿರು ಬರಲಿಲ್ಲ. ಪ್ರತಿ ವರ್ಷವೂ ನಡುವೆ ಹೊಸ ಮಕ್ಕಳು ಬರುತ್ತಲೇ ಇದ್ದರು, ಸುಜಾತಾ ಟೀಚರ್ ಹೆಸರು ಬರೆದುಕೊಳ್ಳುತ್ತಲೇ ಇದ್ದರು.

ಅಳತೆ ಬೇಡವೆಂದು ನಾನೆಂದೂ ಹೇಳುವುದಿಲ್ಲ. ಜುಲೈನ ಕೆಂಪು ಬಣ್ಣವಿಲ್ಲದಿದ್ದರೆ ಬೆಳಗಿನ ಆ ಓದಿನ ತಾಸೂ ಇರುತ್ತಿರಲಿಲ್ಲ. ಆದರೆ ಶಾಲೆಯೊಂದರ ಅಂಕಿ ಬಹಳ ಚೆನ್ನಾಗಿದೆ ಎಂದು ಯಾರಾದರೂ ತೋರಿಸಿದಾಗ ಹೊಸ ಅಧಿಕಾರಿಗಳಿಗೆ ನಾನು ಹೇಳಿಕೊಡುವುದು ಇಷ್ಟೇ: ಸಂತೋಷಪಡಿ, ಆಮೇಲೆ ಎದ್ದು ಗೇಟಿನವರೆಗೆ ಹೋಗಿ, ಅಳತೆಯ ದಿನ ಹೊರಗೆ ಉಳಿದ ಮಗು ಯಾರೆಂದು ವಿಚಾರಿಸಿ.