ಸಿಂಹಾಚಲದ ಇಳುಕಲಿನಲ್ಲಿ ನಾನಾಡಿದ ಮಾತು

ಪ್ರಸಾದ್, ಸಿಂಹಾಚಲದ ಇಳುಕಲಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಎಂದವನು ನಾನು. ಅವ್ವನ ತೊಡೆಯ ಎಲುಬು ಮುರಿದದ್ದು ನನ್ನ ಮಾತಿನಿಂದ, ನಿಮ್ಮ ಕೈಯಿಂದಲ್ಲ. ಇದು ನಿಮಗೆ ಅಂದಿನಿಂದಲೂ ಗೊತ್ತು — ನಿಮಗೆ ಗೊತ್ತಿದೆ ಎಂಬುದು ನನಗೂ ಗೊತ್ತು. ಗೊತ್ತಿಲ್ಲದವರು ಮಿಕ್ಕವರೆಲ್ಲ. ಅವರ ಮುಂದೆ ಇಷ್ಟು ವರ್ಷ ನೀವು ತಲೆ ತಗ್ಗಿಸಿ ನಿಂತಿರಿ, ನಾನು ಪಕ್ಕದಲ್ಲೇ ನಿಂತು ನೋಡಿದೆ.

ತಂಗಿ ಸುಧಾ ನಿಮ್ಮನ್ನೇ ಮದುವೆಯಾಗುತ್ತೇನೆ ಎಂದ ದಿನ ಧಾರವಾಡದ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತೆಲುಗು ಹುಡುಗ, ಪರವಾಡದ ಔಷಧ ಕಾರ್ಖಾನೆಯಲ್ಲಿ ಪಾಳಿಯ ಕೆಲಸ — ಅವ್ವನಿಗೆ ಎರಡೂ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯಾದ ಮೇಲೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ‘ಅಂವ’ ಎನ್ನುವಳು, ಅಷ್ಟೇ. ಬ್ಯಾಂಕು ನನ್ನನ್ನು ನೀವಿಬ್ಬರಿದ್ದ ವಿಶಾಖಪಟ್ಟಣಕ್ಕೇ ವರ್ಗ ಮಾಡಿದಾಗ ಅವಳೂ ಜೊತೆಗೆ ಬಂದಳು. ಸುಧಾ ಬಸುರಿ ಎಂದು ತಿಳಿದ ಮೇಲೆ ಮನಸ್ಸು ತುಸು ಕರಗಿತು. ಆಗಲೇ ನೀವು ಆ ಹಳೆಯ ಕಾರು ಕೊಂಡಿರಿ. ಗಾಡಿಯ ಪೂಜೆಗೆ ಸಿಂಹಾಚಲದ ಬೆಟ್ಟದ ಗುಡಿಗೆ ಹೋಗೋಣ, ಮೊದಲು ಅತ್ತಯ್ಯನೇ ಕೂರಲಿ ಎಂದಿರಿ — ಅತ್ತೆಯನ್ನು ನೀವು ಕರೆಯುವುದು ಹಾಗೆ. ಅವ್ವ ಇಲ್ಲ ಎನ್ನಲಿಲ್ಲ. ಬಸುರಿಗೆ ಬೆಟ್ಟ ಬೇಡವೆಂದು ಸುಧಾ ಮಧುರವಾಡದ ನಿಮ್ಮ ಮನೆಯಲ್ಲೇ ಉಳಿದಳು. ಗಾಡಿಯಲ್ಲಿದ್ದವರು ನಾವು ಮೂವರೇ.

ಗಾಲಿಯ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಮುಂದೆ ಚೆಂಡುಹೂವಿನ ಹಾರ. ಆರತಿಯನ್ನು ಅವ್ವ ತಾನೇ ಬೆಳಗಿದಳು. ನಿಮ್ಮ ಮುಖ ಅರಳಿದ್ದನ್ನು ನಾನು ನೋಡಿದೆ. ಅದನ್ನು ನೋಡಿಯೂ —

ಇಳಿಯುವಾಗ ನೀವು ಗಾಡಿಯನ್ನು ಎರಡನೇ ಗೇರಿಗೆ ತಂದು ಆಕ್ಸಿಲರೇಟರಿನಿಂದ ಕಾಲು ತೆಗೆದಿರಿ. ಇಂಜಿನ್ ಗಾಡಿಯನ್ನು ಹಿಂದಿನಿಂದ ಹಿಡಿದುಕೊಂಡಿತು. ಸೈಲೆನ್ಸರ್ ಹಳೆಯದು, ಗುರ್ ಎಂದು ಒದರಿಕೊಂಡು, ನಡುನಡುವೆ ಅರಳು ಸಿಡಿದಂತೆ ಪಟಪಟ ಎನ್ನುತ್ತಿತ್ತು. ಪ್ರತಿ ತಿರುವಿಗೂ ಅದೇ. ನನಗೆ ಆ ಸದ್ದು ತಡೆಯಲಾಗಲಿಲ್ಲ. ಒಳಗೆ ಏನೋ ಮುರಿಯುತ್ತಿದೆ ಎಂದೇ ಅನ್ನಿಸಿತು. ಇಳುಕಲು ಬಂದಲ್ಲೆಲ್ಲ ಸ್ಕೂಟರನ್ನು ನ್ಯೂಟ್ರಲ್ ಮಾಡಿ, ಪೆಟ್ರೋಲು ಉಳಿಸಿದೆ ಎಂದು ಬೀಗುತ್ತಿದ್ದ ಅಪ್ಪನನ್ನು ನೋಡಿ ಬೆಳೆದವನು ನಾನು. ಕಾರು ನಡೆಸುವುದು ಆಗ ನನಗೆ ಬರುತ್ತಲೇ ಇರಲಿಲ್ಲ — ಇದನ್ನೂ ಹೇಳಿಬಿಡುತ್ತೇನೆ. ಆದರೆ ಶಾಖೆಯಲ್ಲಿ ನಾಲ್ಕು ಜನ ಸಾರ್ ಎನ್ನುತ್ತಿದ್ದರು, ಹೊಸದಾಗಿ ಕಲಿತ ತೆಲುಗು ನಾಲಿಗೆಯ ತುದಿಯಲ್ಲೇ ಇತ್ತು.

“ನ್ಯೂಟ್ರಲ್ ಚೇಯಂಡಿ. ಇಂಜನ್ ಪಾಡೈಪೋತುಂದಿ” ಎಂದೆ. ನ್ಯೂಟ್ರಲ್ ಮಾಡಿ, ಇಂಜಿನ್ ಹಾಳಾಗುತ್ತದೆ.

“ಗೇರ್‌ಲೋನೇ ದಿಗಾಲಿ, ಬಾವಗಾರು” ಎಂದಿರಿ ನೀವು. ಗೇರಿನಲ್ಲೇ ಇಳಿಯಬೇಕು, ಭಾವನವರೇ. ಮೆಲ್ಲಗೆ, ನಗುತ್ತಲೇ ಹೇಳಿದಿರಿ.

ನನಗೆ ರೇಗಿತು. “ಚೆಪ್ತುನ್ನಾನು ಕದಾ!” — ಹೇಳುತ್ತಿದ್ದೇನಲ್ಲ!

ಹೆಂಡತಿಯ ಅಣ್ಣ, ಪೂಜೆಯ ದಿನ, ಹಿಂದಿನ ಸೀಟಿನಲ್ಲಿ ಮೊದಲ ಸಲ ಗಾಡಿ ಹತ್ತಿದ ಅತ್ತೆ. ಎದುರು ಮಾತಾಡುವ ಪೈಕಿ ನೀವಲ್ಲ. ಗೇರ್ ತೆಗೆದಿರಿ. ಸದ್ದು ನಿಂತಿತು. ಎಷ್ಟು ಹಿತವಾಯಿತು ನನಗೆ! “ಚೂಶಾರಾ” ಎಂದೆ — ನೋಡಿದಿರಾ, ಎಂದು. ಆ ಮಾತು ನಿಮಗೆ ಮರೆತಿರಲಿಕ್ಕಿಲ್ಲ.

ಗಾಡಿ ತನ್ನ ಭಾರಕ್ಕೇ ಓಡತೊಡಗಿತು. ನೀವು ಬ್ರೇಕ್ ಒತ್ತಿದಿರಿ, ಒತ್ತುತ್ತಲೇ ಹೋದಿರಿ. ಬ್ರೇಕ್ ಕಾದು ಸುಟ್ಟ ವಾಸನೆ ಬಂತು. ಅವ್ವ ಹಿಂದಿನಿಂದ “ಹಗೂರ, ಹಗೂರ” ಎಂದಳು. ಮುಂದಿನ ತಿರುವಿನಲ್ಲಿ ಪೆಡಲ್ ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಮತ್ತೆ ಗೇರಿಗೆ ಹಾಕಲು ನೋಡಿದಿರಿ — ಕರಕರ ಎಂದಿತೇ ಹೊರತು ಕೂರಲಿಲ್ಲ. ಕಣಿವೆಯ ಕಡೆಗೆ ಬಿಡದೆ ಬೆಟ್ಟದ ಬದಿಯ ಗೋಡೆಗೆ ಗಾಡಿಯನ್ನು ಉಜ್ಜಿಸಿದಿರಿ. ನಾವು ಬದುಕಿದ್ದೇ ಅದರಿಂದ. ಅವ್ವ ಸೀಟುಗಳ ನಡುವೆ ಬಿದ್ದಿದ್ದಳು. ಅವಳ ಆ ಕೂಗು —

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳು ಕೇಳಿದ್ದು ನನ್ನನ್ನು. “ಏನಾತೋ?” ಅವಳಿಗೆ ತೆಲುಗು ಬಾರದು, ಗೇರು, ನ್ಯೂಟ್ರಲ್ಲು ಎಂದರೆ ಏನೆಂದೂ ತಿಳಿಯದು. ನಾವು ಏನು ಮಾತಾಡಿದೆವೆಂದು ಅವಳಿಗೆ ತಿಳಿಯುವ ಬಗೆಯೇ ಇರಲಿಲ್ಲ. ನಾನೆಂದೆ: “ಇಳಕಲಿನ್ಯಾಗ ಅಂವ ಗೇರ್ ತಗದಬಿಟ್ಟ, ಅವ್ವಾ.”

ಇದರಲ್ಲಿ ಸುಳ್ಳೇನಿದೆ ಎಂದು ಆಮೇಲೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಬಾಗಿಲಲ್ಲಿ ಎಳನೀರು ಹಿಡಿದು ನೀವು ನಿಂತಿದ್ದಿರಿ. ನಿಮಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಈಗ ಹೇಳುತ್ತಾರೆ, ಈಗ ಎಲ್ಲ ಮುಗಿಯಿತು ಎಂದುಕೊಂಡೆ. ನೀವು ನನ್ನನ್ನು ಒಮ್ಮೆ ನೋಡಿದಿರಿ, ಅವ್ವನ ಹತ್ತಿರ ಬಂದಿರಿ. “ತಪ್ಪಾಯಿತು, ಅತ್ತಯ್ಯ” ಎಂದಿರಿ, ಕನ್ನಡದಲ್ಲೇ.

ಆ ಹೊತ್ತಿನಲ್ಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮುಂದಿನದು ನೀವು ಅನುಭವಿಸಿದ್ದು, ನಾನೇನು ಹೇಳಲಿ? ಆಂಧ್ರದ ಅಳಿಯ ಮುದುಕಿಯನ್ನು ಕೊಲ್ಲಲು ಹೊರಟಿದ್ದ ಎಂದು ಹುಬ್ಬಳ್ಳಿಯ ಚಿಕ್ಕಮ್ಮ ಫೋನಿನಲ್ಲಿ ಊರಿಗೆಲ್ಲ ಹಂಚಿದಳು. ನೀವು ಕಾರು ಮಾರಿ ಕಂಪನಿ ಬಸ್ಸು ಹಿಡಿದಿರಿ. ಮಗಳು ಲಾವಣ್ಯ ಹುಟ್ಟಿದಾಗ ಅವ್ವ ಕೋಲೂರಿಕೊಂಡು ಆಸ್ಪತ್ರೆಗೆ ಬಂದಳು — ಆಟೋದಲ್ಲಿ. ನಾಮಕರಣಕ್ಕೆ ನಿಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಸುಧಾ ಅತ್ತು ಅತ್ತು ಒಮ್ಮೆ ನನ್ನ ಕೈ ಹಿಡಿದಳು: “ಅಣ್ಣಾ, ನೀ ಒಂದ ಮಾತ ಹೇಳಿದರ ಅವ್ವ ಕೇಳತಾಳ.” ಎಂಥ ಮಾತು! ನೀವು ಅವಳಿಗೂ ಏನೂ ಹೇಳಿಲ್ಲ ಎಂದು ನನಗೆ ಅಂದು ತಿಳಿಯಿತು. ಸಮಾಧಾನವಾಯಿತು, ಪ್ರಸಾದ್. ನಾಚಿಕೆಯಾಗುವ ಬದಲು ಸಮಾಧಾನವಾಯಿತು.

ವಿಜಯವಾಡಕ್ಕೆ ವರ್ಗವಾಗಿ ಅವ್ವನೊಂದಿಗೆ ಇಲ್ಲಿಗೆ ಬಂದ ಮೇಲೆ ನಾನೂ ಕಾರು ಕಲಿತೆ. ಇಬ್ರಾಹಿಂಪಟ್ನಂ ಶಾಖೆಗೆ ದಿನವೂ ಅದರಲ್ಲೇ ಹೋಗಿ ಬರುತ್ತೇನೆ. ಕಲಿಸಿದವರು ಮೊದಲ ವಾರದಲ್ಲೇ ಹೇಳಿದ್ದು, ಇಳುಕಲಿನಲ್ಲಿ ಗೇರ್ ಬಿಡಬೇಡಿ ಎಂದು. ಕೇಳಿ ತಲೆಯಾಡಿಸಿದೆ.

ಈಗ ಲಾವಣ್ಯಳಿಗೆ ಓಣಿ ಹಾಕುವ, ಎಂದರೆ ಮೊದಲ ಸಲ ಲಂಗ ದಾವಣಿ ಉಡಿಸುವ ಸಮಾರಂಭ. ಹೊಸ ಗಾಡಿಯಲ್ಲಿ ಬಂದು ಅತ್ತಯ್ಯನನ್ನು ಕರೆದೊಯ್ಯುತ್ತೇನೆ ಎಂದು ನೀವು ಫೋನ್ ಮಾಡಿದಿರಿ. “ಅವನ ಗಾಡ್ಯಾಗ ನಾ ಕೂಡೂದಿಲ್ಲ” ಎಂದು ಅವ್ವ ಅಂದದ್ದು ನಿಮಗೆ ಕೇಳಿಸಿರಬೇಕು. ಮೊಮ್ಮಗಳನ್ನು ನೋಡುವ ಆಸೆ ಎಷ್ಟಿದ್ದರೂ ಹಟ ಬಿಡಲಿಲ್ಲ.

ಮೊನ್ನೆ ಶುಕ್ರವಾರ ಅವ್ವನನ್ನು ಇಲ್ಲಿಯ ದುರ್ಗಮ್ಮನ ಬೆಟ್ಟಕ್ಕೆ ಕರೆದೊಯ್ದೆ. ನಡೆಯಲಾರದವಳೆಂದು ಗಾಡಿಯನ್ನು ಮೇಲಿನವರೆಗೆ ಬಿಟ್ಟರು. ಇಳಿಯುವಾಗ ಎರಡನೇ ಗೇರಿಗೆ ತಂದು ಕಾಲು ತೆಗೆದೆ. ಗುರ್ ಎಂದಿತು. ಅದೇ ಸದ್ದು. ಕೆಳಗೆ ಕೃಷ್ಣೆ, ಬ್ಯಾರೇಜು, ಜನ — ನನಗೆ ಏನೂ ಕಾಣಲಿಲ್ಲ, ಸದ್ದೊಂದೇ ಕಿವಿ ತುಂಬಿತ್ತು. ಹಿಂದಿನಿಂದ ಅವ್ವ ಅಂದಳು: “ನೋಡು, ನೀ ಹೆಂಗ ಹಗೂರ ಇಳಸ್ತಿ. ಅಂವಗ ಇದ ತಿಳೀಲಿಲ್ಲ.”

ತಿರುವು ದಾಟಿಸಿದೆ. ಆಮೇಲೆ ಹೇಳಿದೆ. ಅಂವ ಹಿಂಗ ಇಳಸ್ತಿದ್ದ, ಅವ್ವಾ. ಬ್ಯಾಡ ಅಂದಾಂವ ನಾನು. ಎಲ್ಲ ಹೇಳಿದೆ — “ಚೂಶಾರಾ” ಎಂದದ್ದನ್ನೂ.

ಬೆಟ್ಟದ ಬುಡದವರೆಗೆ ಅದೇ ಗೇರಿನಲ್ಲಿ ಇಳಿಸಿದೆ. ಕನ್ನಡಿಯಲ್ಲಿ ನೋಡಲು ನನಗೆ ಧೈರ್ಯ ಬರಲಿಲ್ಲ.

“ನಿಂದರಸು” ಎಂದಳು. ನಿಲ್ಲಿಸಿದೆ. ಕೋಲು ತೆಗೆದುಕೊಂಡು ತಾನೇ ಬಾಗಿಲು ತೆರೆದು ಇಳಿದಳು. ಹಿಡಿಯಲು ಹೋದೆ, ಕೈ ಕೊಡವಿದಳು. “ನಿನ್ನ ಗಾಡಿ ಬ್ಯಾಡ ನನಗ.” ಕುಂಟುತ್ತ ಹೋಗಿ ಆಟೋ ಹತ್ತಿದಳು. ಮನೆಯವರೆಗೂ ಆ ಆಟೋದ ಹಿಂದೆಯೇ ಬಂದೆ.

ಮನೆಯಲ್ಲಿ ಕೇಳಿದ್ದು ಒಂದೇ: “ಅವರು ಯಾಕ ಹೇಳಲಿಲ್ಲ?” ಆಮೇಲೆ, “ಅಳಿಯಂದರು ಬರಲಿ. ಅವರ ಗಾಡ್ಯಾಗ ಹೋಗತೀನಿ. ಯಾಕಂತ ನೀನ ಹೇಳು” ಎಂದಳು. ಅಳಿಯಂದರು ಎಂದು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅದಕ್ಕೇ ಇದೆಲ್ಲ ನಿಮಗೆ ಹೇಳುತ್ತಿರುವುದು.

ಬನ್ನಿ, ಪ್ರಸಾದ್. ಮುಂದಿನ ಸೀಟಿನಲ್ಲಿ ಅವ್ವ ಕೂರುತ್ತಾಳೆ. ನಾನು ಆ ಗಾಡಿ ಹತ್ತುವುದಿಲ್ಲ, ರೈಲಿಗೆ ಬರುತ್ತೇನೆ. ಹುಬ್ಬಳ್ಳಿಯ ಚಿಕ್ಕಮ್ಮನೂ ಬರಲಿದ್ದಾಳೆ, ನಿಮ್ಮ ಕಡೆಯವರೂ ಇರುತ್ತಾರೆ. ಅವರೆಲ್ಲರೆದುರು, ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಹೇಳುತ್ತೇನೆ — ಆ ದಿನ ಪ್ರಸಾದ್ ಸರಿಯಾಗಿಯೇ ಇಳಿಸುತ್ತಿದ್ದರು, ಕೆಡಿಸಿದವನು ನಾನು. ಆಮೇಲೆ ಊಟಕ್ಕೆ ನಿಲ್ಲಿ ಎಂದರೆ ನಿಲ್ಲುತ್ತೇನೆ. ಹೋಗಿ ಎಂದರೆ ಹೋಗುತ್ತೇನೆ.