ಸೋಮವಾರ ಮೊಮ್ಮಗಳು ರೊಟ್ಟಿ ತಿಂದದ್ದು

ನನ್ನ ಮೊಮ್ಮಗಳು ರೊಟ್ಟಿ ತಿಂದಳು. ಸೋಮವಾರ ಬೆಳಿಗ್ಗೆ, ಯಾರೂ ಕರೆಯದೆ, ತಾನೇ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕೂತು, "ಅಜ್ಜಿ, ನಂಗೂ ಒಂದ್ ಹಾಕು" ಅಂದಳು. ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ಪೂರ್ತಿ ತಿಂದಳು. ಮೇಲಿಂದ, "ಚಟ್ನಿಗೆ ಉಪ್ಪು ಕಮ್ಮಿ ಕಣಜ್ಜಿ" ಅಂತ ಬೇರೆ ಹೇಳಿದಳು. ಊಟ ಬಿಟ್ಟವರು ಉಪ್ಪಿನ ಮಾತು ಎತ್ತುವುದಿಲ್ಲ. ನಾಲಿಗೆಗೆ ರುಚಿ ಬಂತಲ್ಲ ಎಂದು ನನಗಾದ ಸಂತೋಷ ಎಲ್ಲಿಡಲಿ, ಹೇಗೆ ಹೇಳಲಿ. ತಟ್ಟುತ್ತಿದ್ದ ಹಿಟ್ಟು ಕೈಯಿಂದ ಜಾರಿ ಹಂಚಿನ ಆಚೆ ಬಿತ್ತು. ಆದರೂ ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಡಾಕ್ಟರಮ್ಮ ಹೇಳಿದ್ದರು.

ಇದು ನಡೆದದ್ದು ಎಪ್ಪತ್ತೆಂಟನೇ ಇಸವಿಯೋ ಎಪ್ಪತ್ತೊಂಬತ್ತೋ ಇರಬೇಕು. ನಾವಿದ್ದದ್ದು ಅಜ್ಜಂಪುರದಲ್ಲಿ. ಈ ಹುಡುಗಿ ಕೂಸಾಗಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವ ಹಾಗಾಗಿತ್ತು. ಉಳಿದರೆ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇವೆ ಎಂದು ಮನೆಯವರೆಲ್ಲ ಹರಕೆ ಹೊತ್ತೆವು. ಆ ವರ್ಷ ಈ ವರ್ಷ ಎಂದು ಮುಂದೂಡಿ, ಹರಕೆ ತೀರಿಸುವ ಹೊತ್ತಿಗೆ ಅವಳು ಮೈನೆರೆದ ಹುಡುಗಿಯಾಗಿದ್ದಳು. ಮಠದ ಅಂಗಳದಲ್ಲಿ ದೊಡ್ಡ ತಕ್ಕಡಿಯಲ್ಲಿ ಕೂರಿಸಿದೆವು. ಒಯ್ದಿದ್ದ ಬೆಲ್ಲ ಸಾಲಲಿಲ್ಲ. ಇನ್ನಷ್ಟು ತರಲು ಮಗ ಅಂಗಡಿಗೆ ಓಡಿದ. ಅವನು ಬರುವ ತನಕ ಹುಡುಗಿ ನೆಲಕ್ಕೆ ತಾಗಿದ ತಟ್ಟೆಯಲ್ಲೇ ಕೂತಿದ್ದಳು. "ಪ್ಯಾಟೆ ಬೆಲ್ಲ ಎಲ್ಲಾ ತರಿಸ್ಬೇಕಾಯ್ತದೇನೋ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಸತ್ತೇಹೋಗುತ್ತಿದ್ದ ಕೂಸು ಇಷ್ಟು ಬೆಳೆಯಿತಲ್ಲ ಎಂಬ ಹಿಗ್ಗಿಗೆ ನಾವೂ ನಕ್ಕೆವು. ಅವಳಿಗೆ ಆ ನಗೆ ಬೇರೆಯಾಗಿ ಕೇಳಿತು.

ಅಲ್ಲಿಂದ ಸೋಮವಾರದ ಒಪ್ಪತ್ತು ಹಿಡಿದಳು. ಆಮೇಲೆ ಒಪ್ಪತ್ತೂ ಹೋಗಿ ಬರೀ ನೀರು. ಗುರುವಾರವೂ ಸೇರಿತು. ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಬರುವ ಹುಡುಗಿಯನ್ನು ಯಾರು ಬೈಯುತ್ತಾರೆ? ಎಂಥ ನಿಷ್ಠೆ ಎಂದು ನೆಂಟರೆಲ್ಲ ಹೊಗಳಿದರು. ಹೊಗಳಿದಷ್ಟೂ ವ್ರತ ಹೆಚ್ಚಿ, ಉಣ್ಣುವ ದಿನವೇ ಉಳಿಯದ ಹಾಗಾಯಿತು. ಮುಟ್ಟು ನಿಂತಿತು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಬೇಸಿಗೆಯಲ್ಲೂ ಕಂಬಳಿ ಬೇಕೆನ್ನುತ್ತಿದ್ದಳು.

ಕಡೂರಿಗೆ ಕರೆದೊಯ್ದು ಟಾನಿಕ್ ಕುಡಿಸಿದೆವು, ಗುಣ ಕಾಣಲಿಲ್ಲ. ತರೀಕೆರೆಯಲ್ಲಿ ಒಬ್ಬ ಡಾಕ್ಟರಮ್ಮ ನಮ್ಮನ್ನೆಲ್ಲ ಆಚೆ ಕಳಿಸಿ ಅವಳೊಬ್ಬಳ ಹತ್ತಿರವೇ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನೂ ಸೊಸೆಯನ್ನೂ ಕರೆದರು.

"ವ್ರತ ಅಲ್ಲ ಕಣಮ್ಮ ಇದು, ಕಾಯಿಲೆ. ಅವಳ ತಟ್ಟೆ ಕಡೆ ನೋಡ್ಬೇಡಿ, ಮೈ ಕಡೆ ನೋಡ್ಬೇಡಿ. ದಪ್ಪ ಆದೆ, ಸಣ್ಣ ಆದೆ ಅನ್ನೋ ಮಾತೇ ಮನೇಲಿ ಬೇಡ. ಹೊತ್ತಿಗೆ ಸರಿಯಾಗಿ ಬಡಿಸಿ. ತಿಂಗಳಿಗೊಂದ್ಸಲ ಕರ್ಕೊಂಡ್ಬನ್ನಿ."

ನನಗೋ ಇನ್ನೊಂದು ಹರಕೆ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಂದಿನಿಂದ ಅವಳು ಒಳಕೋಣೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಮೊದಲು ನಾಲ್ಕು ತುತ್ತು, ಆಮೇಲೆ ಇನ್ನೊಂದಿಷ್ಟು. ಒಮ್ಮೆ ಸಿಂಗಟಗೆರೆಯ ಮದುವೆಯಲ್ಲಿ ಎಲ್ಲರ ಜೊತೆ ಹೋಳಿಗೆ ತಿಂದಾಗ ನಾವು ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ಮಾರನೆಯ ದಿನದಿಂದ ಒಂದು ವಾರದ ತನಕ ಮಜ್ಜಿಗೆ ಬಿಟ್ಟು ಏನೂ ಮುಟ್ಟಲಿಲ್ಲ. ಹಾಗಾಗಿ ಈ ಸೋಮವಾರದ ರೊಟ್ಟಿಗೂ ನನಗೆ ಹೆದರಿಕೆಯೇ. ಸಂಜೆ ಉಣ್ಣುತ್ತಾಳೋ, ಬೆಳಿಗ್ಗೆ ತಿಂದದ್ದರ ಲೆಕ್ಕ ಹಿಡಿದು ಊಟವನ್ನೇ ಬಿಡುತ್ತಾಳೋ?

ಸಾಲದ್ದಕ್ಕೆ ಅವತ್ತೇ ಸಂಜೆ ಬಸ್ಸಿಗೆ ಚೌಳಹಿರಿಯೂರಿನಿಂದ ನನ್ನ ನಾದಿನಿ ಬರುವವಳಿದ್ದಳು. ಮನಸ್ಸು ಬೆಣ್ಣೆ, ಬಾಯಿಗೆ ಮಾತ್ರ ಬಾಗಿಲಿಲ್ಲ. ಮೊದಲೇ ಹೇಳಿಡೋಣವೆಂದು ಬಸ್‌ಸ್ಟ್ಯಾಂಡಿಗೆ ಹೋಗಿ ಕಾದೆ. ಬಸ್ಸು ಬಂತು, ಅವಳು ಇಳಿಯಲಿಲ್ಲ. ಯಾರದೋ ಲಾರಿ ಸಿಕ್ಕಿತೆಂದು ಮುಂಚೆಯೇ ಬಂದುಬಿಟ್ಟಿದ್ದಳಂತೆ. ನಾನು ಏದುಸಿರು ಬಿಡುತ್ತಾ ಮನೆಗೆ ಬಂದರೆ, ಜಗಲಿಯ ಮೇಲೆ ಕೂತು ಹುಡುಗಿಯ ತೋಳು ಹಿಡಿದಿದ್ದಾಳೆ.

"ನೋಡತ್ತಿಗೆ, ಈಗ ಮೈಕೈ ತುಂಬ್ಕಂಡವಳೆ. ಹೋದ್ಸಲ ಬಂದಾಗ ಒಳ್ಳೆ ಕಡ್ಡಿ ಇದ್ದಂಗಿದ್ಲು."

ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಬಿಳಿಚಿತು. ಹುಡುಗಿ ತನ್ನ ತೋಳನ್ನು ತಾನೇ ನೋಡಿಕೊಂಡಳು. ಸುಮಾರು ಹೊತ್ತು ನೋಡಿಕೊಂಡಳು. ಮೆಲ್ಲಗೆ ಕೈ ಬಿಡಿಸಿಕೊಂಡು ನಾದಿನಿಗೆ ಅಂದಳು.

"ಹೂಂ ಅಜ್ಜಿ, ಉಣ್ತಾ ಇದೀನಿ. ನನ್ ಮೈ ಸುದ್ದಿ ಬಿಡಿ, ಬೇಜಾರಾಗುತ್ತೆ."

ಇಷ್ಟು ದಿನ ಬೇಜಾರಾದರೆ ಬಾಯಿ ಮುಚ್ಚಿಕೊಂಡು ಊಟ ಬಿಡುತ್ತಿದ್ದವಳು, ಬಾಯಿ ಬಿಟ್ಟು ಹೇಳಿದಳು. ಹೇಳಿ ಎದ್ದು ಒಳಗೆ ಹೋದಳು.

"ನಾನೇನಂದ್ನೇ ಈಗ?" ಎಂದಳು ನಾದಿನಿ.

"ಸುಮ್ನಿರು ಮಾರಾಯ್ತಿ" ಎಂದೆ. ಕಿವಿಯೆಲ್ಲ ಒಳಗಿತ್ತು. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದೇ ಕಾದೆ. ಕೇಳಿಸಿದ್ದು ತಟ್ಟೆಗಳ ಸದ್ದು.

ನಮ್ಮಲ್ಲಿ ಗಂಡಸರು ಉಂಡಮೇಲೆ ಹೆಂಗಸರು ಕೂರುವುದು. ಅವಳು ನಡುಮನೆಯಲ್ಲಿ ಎಲ್ಲರ ತಟ್ಟೆಯನ್ನೂ ಒಂದೇ ಸಾಲಿಗೆ ಹಾಕಿದ್ದಳು, ಕೊನೆಯಲ್ಲಿ ತನ್ನದು. ನಮ್ಮ ಯಜಮಾನರು ಬಂದು ಸಾಲು ನೋಡಿದರು, ನನ್ನ ಮುಖ ನೋಡಿದರು, ಮೊದಲನೇ ತಟ್ಟೆಯ ಮುಂದೆ ಕೂತರು. ಅವರ ಪಕ್ಕ ಮಗ, ಆಮೇಲೆ ನಾದಿನಿ, ನಾನು. ಸೊಸೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿ ತಾನೂ ಕೂತಳು. ಹುಡುಗಿ ಅರ್ಧ ಮುದ್ದೆ ಇಡಿಸಿಕೊಂಡಳು.

ಅವಳನ್ನು ನೋಡಬಾರದಲ್ಲ, ಎಲ್ಲರೂ ತಲೆ ತಗ್ಗಿಸಿ ಅವರವರ ಸಾರನ್ನೇ ನೋಡುತ್ತಾ ಉಂಡೆವು. ನಾದಿನಿಗೆ ತಡೆಯಲಾಗಲಿಲ್ಲ.

"ಇದೇನ್ರೋ, ತಿಥಿ ಮನೆ ಆದಂಗಾಯ್ತು. ಯಾರಾದ್ರೂ ಮಾತಾಡಿ, ನಂಗೆ ಮುದ್ದೆ ಇಳೀತಿಲ್ಲ."

ಸಾಲಿನ ಕೊನೆಯಲ್ಲಿ ಹುಡುಗಿಗೆ ನಗು ಬಂತು. ಅವಳ ಅಪ್ಪನಿಗೂ ಬಂತು. ಯಜಮಾನರು ಲಾರಿ ಯಾರದೆಂದು ಕೇಳಿದರು, ನಾದಿನಿ ಶುರು ಹಚ್ಚಿಕೊಂಡಳು. ಆ ಗದ್ದಲದಲ್ಲಿ ನಾನು ಒಂದೇ ಒಂದು ಸಲ ಕದ್ದು ನೋಡಿದೆ. ಸಾರಿನಲ್ಲಿ ಅದ್ದಿದ ತುತ್ತು ಅವಳ ಬಾಯಿಯ ಹತ್ತಿರವಿತ್ತು.