ಮಣದ ಮೀನು

ನಮ್ಮೂರಲ್ಲಿ ಅಪ್ಪನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅವನು ಮಣದ ಮೀನಿನವನು, ನಾನು ಮಣದ ಮೀನಿನವನ ಮಗ. ನನಗೆ ಹೆಣ್ಣು ನೋಡಲು ಹೋದಾಗಲೂ ಬೀಗರಾಗುವವರು ಮೊದಲು ಕೇಳಿದ್ದು ಹುಡುಗನಿಗೆ ಏನು ಕೆಲಸ ಅಂತಲ್ಲ, ಆ ಮೀನು ಹಿಡಿದದ್ದು ಹೇಗೆ ಅಂತ. ಅಪ್ಪ ಒಂದೂವರೆ ಗಂಟೆ ಹೇಳಿದ. ಉಪ್ಪಿಟ್ಟು ಆರಿ ಹೋಯಿತು. ಹೆಣ್ಣಿನ ಮುಖ ನಾನು ಸರಿಯಾಗಿ ನೋಡಿದ್ದು ಮದುವೆಯ ದಿನವೇ.

ಮೀನಿನ ಸಂಗತಿ ಇಷ್ಟು. ನಾನು ಹುಟ್ಟುವ ಮೊದಲು, ಒಂದು ಬೇಸಿಗೆಯಲ್ಲಿ ನಮ್ಮ ಕೆರೆ ಬತ್ತಿ ನಡುವೆ ಮೊಣಕಾಲುದ್ದ ನೀರು ಉಳಿದಿತ್ತಂತೆ. ಕುರಿಗಳಿಗೆ ನೀರು ಕುಡಿಸಲು ಹೋದ ಅಪ್ಪನಿಗೆ ಕೆಸರಿನಲ್ಲಿ ಏನೋ ಹೊರಳಿದ್ದು ಕಂಡಿತು. ಹೆಗಲ ಮೇಲಿನ ಕಂಬಳಿ ಬಿಚ್ಚಿ ಅದರ ಮೇಲೆ ಎಸೆದು, ತಾನೂ ಬಿದ್ದು, ಕಂಬಳಿಯಲ್ಲೇ ಸುತ್ತಿ ದಡಕ್ಕೆ ತಂದ. ನೋಡಿದರೆ ಬಾಳೆಮೀನು. ಮೈಮೇಲೆ ಹುರುಪೆಯಿಲ್ಲದ, ಅಗಲ ಬಾಯಿಯ, ಬೇರೆ ಮೀನುಗಳನ್ನು ತಿಂದೇ ಬೆಳೆಯುವ ಜಾತಿ. ಆ ದಿನ ಊರಲ್ಲಿ ಉಣ್ಣೆ ಕೊಳ್ಳಲು ಬಂದಿದ್ದ ಚಳ್ಳಕೆರೆಯ ವ್ಯಾಪಾರಿ ತನ್ನ ತಕ್ಕಡಿಗೆ ಅದನ್ನು ಹಾಕಿ, ‘ಪೂರಾ ಒಂದು ಮಣ’ ಅಂದನಂತೆ. ನಮ್ಮೂರಿನ ಲೆಕ್ಕದಲ್ಲಿ ಬೆಲ್ಲದ ಮಣ, ಜೋಳದ ಮಣ ಅಂದರೆ ಮೂವತ್ತೇಳು ಕಿಲೋ. ಅಂಥ ಮೀನು ಅದಕ್ಕೂ ಮೊದಲು ಇಲ್ಲ, ಆಮೇಲೂ ಇಲ್ಲ ಅಂತ ತೀರ್ಮಾನವಾಯಿತು.

ನನ್ನ ಹೊಟ್ಟೆಪಾಡು ತೂಕದ್ದೇ. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ಚೀಲ ತೂಗುವ ಕೆಲಸಕ್ಕೆ ಸೇರಿದೆ. ದಿನಕ್ಕೆ ಇನ್ನೂರು ಚೀಲ ತೂಗಿದವನಿಗೆ ಲೋಕವೆಲ್ಲ ಚೀಲವಾಗಿ ಕಾಣುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ತೂಕವನ್ನೂ ಮನಸ್ಸಿನಲ್ಲೇ ಹಾಕುತ್ತಿದ್ದೆ. ಒಂದು ದಿನ ಟೀ ಕುಡಿಯುವಾಗ ಹಳೆಯ ಹಮಾಲರೊಬ್ಬರ ಮುಂದೆ ಅಪ್ಪನ ಮೀನಿನ ಬಗ್ಗೆ ಜಂಬ ಕೊಚ್ಚಿದೆ. ಅವರು ಬೀಡಿ ತೆಗೆದು, ‘ಯಾವ ಮಣ? ಕಚ್ಚಾನೋ ಪಕ್ಕಾನೋ?’ ಅಂದರು. ಮಣದಲ್ಲಿ ಎರಡು ಬಗೆಯಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ‘ಉಣ್ಣೆ ಸಾಹುಕಾರ ತೂಗಿದ್ದು ಅಂತೀಯ. ಬೆಲ್ಲ ಜೋಳಕ್ಕೆ ಪಕ್ಕಾ, ಉಣ್ಣೆಗೆ ಆಗೆಲ್ಲ ಕಚ್ಚಾ ಮಣ ಕಣಪ್ಪ. ಹನ್ನೊಂದು ಕಿಲೋ ಆದ್ರೆ ಹೆಚ್ಚು.’

ಆ ಟೀ ಹಾಗೇ ಬಿಟ್ಟು ಎದ್ದೆ. ಮೂವತ್ತೇಳು ಎಲ್ಲಿ, ಹನ್ನೊಂದು ಎಲ್ಲಿ! ಅಪ್ಪನನ್ನು ಕೇಳಿಬಿಡೋಣ ಅಂತ ಅದೆಷ್ಟೋ ಸಲ ಬಾಯಿ ತೆರೆದೆ. ಕೇಳಲಾಗಲಿಲ್ಲ. ಬದಲಿಗೆ ಒಂದು ಹುಚ್ಚು ಹಿಡಿಯಿತು. ನಾನೂ ಒಂದು ಬಾಳೆಮೀನು ಹಿಡಿಯಬೇಕು, ಸರಿಯಾದ ಕಾಂಟಾದಲ್ಲಿ ತೂಗಬೇಕು, ಅಪ್ಪನ ಮುಂದೆ ಇಡಬೇಕು. ‘ನಿಂದು ದೊಡ್ಡದು ಕಣಲೇ’ ಅಂತ ಅವನ ಬಾಯಿಂದ ಒಮ್ಮೆ ಕೇಳಬೇಕು. ನಲವತ್ತರ ಹತ್ತಿರದ ಗಂಡಸಿಗೆ ಇಂಥ ಆಸೆಯೇ ಅಂತ ನಗುವವರು ನಗಲಿ. ನನಗೆ ಬೇರೆ ದೊಡ್ಡ ಆಸೆಗಳಿರಲಿಲ್ಲ.

ವಾರದ ರಜೆ ಬಂತೆಂದರೆ ಮೊದಲ ಬಸ್ಸು ಹಿಡಿದು ಊರಿಗೆ ಬಂದು, ಮೊಳಕಾಲ್ಮೂರು ರಸ್ತೆಯ ಕಡೆಯ ಡ್ಯಾಮಿನ ಹಿನ್ನೀರಿಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದೆ. ಹೆಂಡತಿ ಬುತ್ತಿ ಕಟ್ಟುತ್ತಾ, ‘ಆರು ದಿನ ಮಂಡೀಲಿ ತೂಗ್ತೀಯ, ಏಳನೇ ದಿನ ನೀರಾಗೆ ಕೂತು ಏನು ತೂಗ್ತೀಯೋ’ ಅನ್ನುವಳು. ನಾಲ್ಕು ವರ್ಷ ಕೂತೆ. ಸಿಕ್ಕಿದ್ದು ಅಂಗೈಯಗಲದ ಮೀನುಗಳು, ಒಂದು ಆಮೆ, ಒಂದು ಒಂಟಿ ಚಪ್ಪಲಿ.

ಒಳ್ಳೆಯ ಮಳೆಯಾಗಿ ಡ್ಯಾಮು ತುಂಬಿದ ಮರು ಬೇಸಿಗೆಯಲ್ಲಿ ಅದು ಸಿಕ್ಕಿತು. ಆ ದಿನ ಜೊತೆಗೆ ತಂಗಿಯ ಗಂಡ ಇದ್ದ. ಅವನು ಗಡಿಯಾಚೆ ರಾಯದುರ್ಗದ ಕಡೆಯವನು, ಖುಷಿಯಾದರೂ ಭಯವಾದರೂ ತೆಲುಗೇ ಬರುತ್ತದೆ. ಜೀವಂತ ಕಪ್ಪೆ ಸಿಕ್ಕಿಸಿ ಎಸೆದಿದ್ದೆ. ಬೆಳಗ್ಗೆ ಎಂಟರ ಹೊತ್ತಿಗೆ ಗಾಳದ ತಂಗೂಸಿ ದಾರ ಸರ್ರನೆ ಓಡಿತು. ಹಿಡಿದೆ. ಅಂಗೈ ಕೊಯ್ದುಕೊಂಡು ಹೋಯಿತು. ಅದು ಎಳೆದ ಕಡೆ ನಾನು ಹೋದೆ, ಅಷ್ಟೇ. ಮೊಣಕಾಲು, ಸೊಂಟ, ಎದೆಮಟ್ಟ ನೀರು. ಬಿಡಲು ಮನಸ್ಸಿಲ್ಲ, ಎಳೆಯಲು ಶಕ್ತಿಯಿಲ್ಲ. ಹಿಂದಿನಿಂದ ಅವನು ನನ್ನ ಪಂಚೆ ಹಿಡಿದು ಜಗ್ಗುತ್ತಿದ್ದ. ಕೊನೆಗೆ ಪಂಚೆ ಅವನ ಕೈಯಲ್ಲಿ ಉಳಿಯಿತು, ನಾನು ಚಡ್ಡಿಯಲ್ಲಿ ಮುಂದಕ್ಕೆ ಹೋದೆ. ಒಂದು ಗಂಟೆಯ ಮೇಲೆ ಅದು ತಾನಾಗಿ ಸುಸ್ತಾಯಿತು, ನನ್ನಿಂದೇನೂ ಅಲ್ಲ. ದಡಕ್ಕೆ ಎಳೆದಾಗ ಅವನು, ‘ವಾಳುಗ ಬಾವಾ! ಪೆದ್ದ ವಾಳುಗ!’ ಅಂತ, ದೊಡ್ಡ ಬಾಳೆಮೀನು ಅನ್ನುವುದನ್ನು ತನ್ನ ತೆಲುಗಿನಲ್ಲಿ ಕೂಗಿ ಕುಣಿದ. ನಾನು ಕೆಸರಲ್ಲಿ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಒದ್ದೆ ಗೋಣಿಚೀಲ ಸುತ್ತಿ, ಅವನ ಲೂನಾದ ಹಿಂದೆ ಅದನ್ನು ಮಗುವಿನ ಹಾಗೆ ತಬ್ಬಿ ಕೂತು ಊರಿಗೆ ತಂದೆ. ದಾರಿಯುದ್ದಕ್ಕೂ ಒಂದೇ ಚಿಂತೆ, ಬಿಸಿಲಿಗೆ ತೂಕ ಇಳಿಯುತ್ತಿದೆ ಅಂತ. ಹಸಿ ಶೇಂಗಾ ಮಧ್ಯಾಹ್ನದೊಳಗೆ ಎಷ್ಟು ಇಳಿಯುತ್ತದೆ ಅಂತ ಗೊತ್ತಿದ್ದವನಿಗೆ ನೆಮ್ಮದಿ ಎಲ್ಲಿಂದ? ಚೀಲದಿಂದ ಸೋರಿದ ಒಂದೊಂದು ಹನಿಯೂ ನನ್ನ ಮೀನಿನಿಂದಲೇ ಸೋರಿದಂತೆ ಅನಿಸುತ್ತಿತ್ತು.

ಊರ ಮುಂದಿನ ಬೇವಿನ ಮರದ ಕೆಳಗೆ ಜನ ಸೇರಿದರು. ಕುರಿ ವ್ಯಾಪಾರಿಯೊಬ್ಬರ ಹತ್ತಿರ ಕೊಕ್ಕೆಗೆ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ಇತ್ತು. ನನ್ನ ಬುದ್ಧಿ ಬಿಡಬೇಕಲ್ಲ! ಮೊದಲು ಅಂಗಡಿಯಿಂದ ಹತ್ತು ಕಿಲೋ ಕಲ್ಲು ತರಿಸಿ ತೂಗಿ, ಮುಳ್ಳು ಸರಿಯಿದೆ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಗೋಣಿ ತೆಗೆದು ಮೀನು ತೂಗುಹಾಕಿದೆ. ಬಾಲ ನೆಲ ಮುಟ್ಟುತ್ತಿತ್ತು, ಇನ್ನೂ ಮೇಲಿನ ಕೊಂಬೆಗೆ ಕಟ್ಟಿದೆವು. ಹಗ್ಗದ ತೂಕ ಕಳೆದು ಸರಿಯಾಗಿ ಹದಿನೆಂಟು ಕಿಲೋ. ಮೂರು ಸಲ ತೂಗಿದೆ, ಮೂರು ಸಲವೂ ಅಷ್ಟೇ.

ವ್ಯಾಪಾರಿ ನಿರಾಳವಾಗಿ ನಕ್ಕರು. ‘ಅರ್ಧ ಮಣಕ್ಕೆ ಅರ್ಧ ಕಿಲೋ ಕಮ್ಮಿ ಬಿತ್ತು ನೋಡಪ್ಪ. ನಿಮ್ಮಪ್ಪಂದು ಪೂರಾ ಮಣ.’ ಜನರೂ ನಕ್ಕರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬರು ಬೆನ್ನು ತಟ್ಟಿ, ‘ಇರ್ಲಿ ಬಿಡು, ಅಪ್ಪನ ಅರ್ಧಕ್ಕಾದ್ರೂ ಬಂದೆಯಲ್ಲ’ ಅಂದರು. ಕೊಯ್ದ ಅಂಗೈ ಆಗ ಉರಿಯಲು ಶುರುವಾಯಿತು.

ಅಷ್ಟರಲ್ಲಿ ಯಾರೋ ಅಪ್ಪನನ್ನು ಕೈಹಿಡಿದು ಕರೆತಂದರು. ಆಗ ಅವನಿಗೆ ಎಪ್ಪತ್ತರ ಮೇಲೆ, ಎರಡು ಕಣ್ಣಿಗೂ ಪೊರೆ ಬಂದು ಮಬ್ಬಾಗಿತ್ತು. ಕಣ್ಣು ಹೋದರೂ ಅವನ ಕೈತೂಕ ಹೋಗಿರಲಿಲ್ಲ. ಕುರಿಯ ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಒತ್ತಿ, ಎದೆಯ ಕೆಳಗೆ ಕೈಕೊಟ್ಟು ಒಂದು ಸಲ ಎತ್ತಿದರೆ ಸಾಕು, ಎಷ್ಟು ಮಾಂಸ ಬೀಳುತ್ತದೆ ಅಂತ ಹೇಳಿಬಿಡುತ್ತಿದ್ದ. ಕೊಳ್ಳುವವರು ಮಾರುವವರು ಜಗಳ ಬಿದ್ದರೆ ಅವನ ಹತ್ತಿರವೇ ಕುರಿ ತರುತ್ತಿದ್ದರು, ಅವನ ಮಾತೇ ಕೊನೆ.

ಅಪ್ಪ ಮೀನಿನ ಮೈಮೇಲೆ ತಲೆಯಿಂದ ಬಾಲದವರೆಗೆ ನಿಧಾನವಾಗಿ ಕೈಯಾಡಿಸಿದ. ‘ಇಳಿಸಿ’ ಅಂದ. ಇಳಿಸಿದೆವು. ಎರಡು ಕೈ ಕೊಟ್ಟು ಎದೆಗೆ ಎತ್ತಿಕೊಂಡ. ಕುರಿಯನ್ನು ನೋಡುವ ಹಾಗೆ ಒಂದು ಸಲ ಮೇಲೆ ಕೆಳಗೆ ಆಡಿಸಿದ. ಮೀನನ್ನು ನನ್ನ ಕೈಗೆ ಕೊಟ್ಟು, ‘ನಂದು ಇಷ್ಟು ಇರ್ಲಿಲ್ಲ’ ಅಂದ.

ನಾನು ನಾಲ್ಕು ವರ್ಷ ಕಾದದ್ದು ಅದೇ ಮಾತಿಗೆ. ಆದರೆ ಯಾರೂ ಅದನ್ನು ನಂಬಲಿಲ್ಲ. ‘ಬಿಡಣ್ಣ, ಮಗ ಅಂತ ಹಂಗಂತೀಯ’ ಅಂದರು ವ್ಯಾಪಾರಿ.

‘ಇಲ್ರಪ್ಪ. ಅದು ಉಣ್ಣೆ ಮಣ’ ಅಂದ ಅಪ್ಪ. ದನಿ ಗಟ್ಟಿಯಾಗಿರಲಿಲ್ಲ. ‘ಸಾವ್ಕಾರ ಕಚ್ಚಾ ಮಣ ಅಂತ್ಲೇ ತೂಗಿದ್ದು. ನೀವು ಪಕ್ಕಾ ಅಂದ್ಕಂಡ್ರಿ. ನಾನು ಸುಮ್ನಿದ್ದೆ. ಅದರಾಗೂ ಒದ್ದೆ ಕಂಬಳಿ ಸೇರಿತ್ತು. ಬಿಚ್ಚಿದ್ರೆ ಜಾರ್ತೈತೆ ಅಂತ ಕಂಬಳಿ ಸಮೇತ ತೂಗಿದ್ದು. ಮೀನು ಏಳೋ ಎಂಟೋ ಕಿಲೋ ಇದ್ದಾತು, ಅಷ್ಟೇ.’

ಆಗ ಎದ್ದ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ‘ನೋಡ್ರಲೇ, ಮಗನ್ನ ಎತ್ತಾಕೆ ತನ್ನ ಮೀನನ್ನೇ ಕೊಯ್ದು ಕೊಯ್ದು ಸಣ್ಣ ಮಾಡ್ತಾವ್ನೆ! ತಂದೆ ಅಂದ್ರೆ ಇವನಪ್ಪ!’ ಅಂದರು. ಒಬ್ಬಳು ಮುದುಕಿ ಸೆರಗಿನಿಂದ ಕಣ್ಣು ಕೂಡ ಒರೆಸಿಕೊಂಡಳು. ಅಪ್ಪ ದನಿಯೆತ್ತಿದ. ‘ನಿಜ ಹೇಳ್ತಿದೀನಿ ಕಣ್ರೋ! ನಮ್ಮವ್ವನಾಣೆ!’ ಅವನು ಆಣೆ ಇಟ್ಟಷ್ಟೂ ಅವರ ಮೆಚ್ಚುಗೆ ಹೆಚ್ಚಿತು. ಕುರಿಯ ವಿಷಯದಲ್ಲಿ ಅವನ ಒಂದು ಮಾತಿಗೆ ಎದುರಾಡದ ಜನ, ಅವನದೇ ಮೀನಿನ ವಿಷಯದಲ್ಲಿ ಅವನನ್ನು ಒಪ್ಪಲು ತಯಾರಿರಲಿಲ್ಲ. ಅಪ್ಪ ಮಬ್ಬುಗಣ್ಣಿನಲ್ಲಿ ಆ ಕಡೆ ಈ ಕಡೆ ತಿರುಗಿ ನನ್ನನ್ನು ಹುಡುಕಿದ.

‘ಎಲ್ಲಿದೀಯಲೇ? ನೀನು ತೂಕದವನು. ಕಚ್ಚಾ ಮಣ ಅಂದ್ರೆ ಎಷ್ಟು ಅಂತ ಹೇಳು ಇವರಿಗೆ.’

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಲೆಕ್ಕ ಗೊತ್ತಿತ್ತು. ಹನ್ನೊಂದು ಕಿಲೋ, ಅದರಲ್ಲಿ ಒದ್ದೆ ಕಂಬಳಿ ಮೂರೋ ನಾಲ್ಕೋ ಕಿಲೋ. ನಾನು ಹೇಳಿದ್ದರೆ ಬಹುಶಃ ನಂಬುತ್ತಿದ್ದರು. ಆದರೆ ನನ್ನ ಕಣ್ಣಿಗೆ ಕಂಡದ್ದು ಬೇರೆ. ಮುದುಕ ಅಪ್ಪ ಊರ ಮುಂದೆ ನಿಂತು ಮೈಮೇಲಿನ ಬಟ್ಟೆಯನ್ನು ತಾನೇ ಒಂದೊಂದಾಗಿ ತೆಗೆಯುತ್ತಿರುವ ಹಾಗೆ ಕಂಡಿತು. ಇರುವುದೊಂದು ಹೆಸರು, ಅದನ್ನೂ ಕಳೆದುಕೊಂಡರೆ ಇವನನ್ನು ಏನಂತ ಕರೆಯುತ್ತಾರೆ? ಮೀನನ್ನು ಹಿಡಿದುಕೊಂಡೇ, ‘ಅಪ್ಪಂದೇ ದೊಡ್ಡದು. ಅದು ಪಕ್ಕಾ ಮಣಾನೇ’ ಅಂದುಬಿಟ್ಟೆ.

ಜನ ಶಿಳ್ಳೆ ಹಾಕಿದರು. ತಂದೆಗೆ ತಕ್ಕ ಮಗ ಅಂದರು. ಅಪ್ಪ ಕೈಗೆ ಅಂಟಿದ್ದ ಲೋಳೆಯನ್ನು ಪಂಚೆಗೆ ಒರೆಸಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಗೋಡೆ ತಡವಿಕೊಂಡು ಮನೆಯ ಕಡೆ ಹೋದ.

ಸಂಜೆ ಮನೆಯಲ್ಲಿ ಸಾರಿನ ಘಮ ಹಿಡಿದಿತ್ತು. ಅರ್ಧ ಊರಿಗೆ ಹಂಚಿಯೂ ಇನ್ನೂ ಉಳಿದಿತ್ತು. ಹೆಂಡತಿ ಮುದ್ದೆ ಇಟ್ಟು ಕರೆದರೂ ಅಪ್ಪ ಜಗುಲಿಯಿಂದ ಏಳಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತು, ‘ಏಳಪ್ಪ, ಆರೋಗ್ತೈತೆ’ ಅಂದೆ.

‘ನಿಂಗೆ ಗೊತ್ತಿತ್ತಾ?’ ಅಂದ.

‘ಏನು?’

‘ಉಣ್ಣೆ ಮಣ ಅಂತ.’

ಸುಳ್ಳು ಹೇಳಲು ಇನ್ನೊಂದು ಸಲ ನಾಲಿಗೆ ಹೊರಳಲಿಲ್ಲ. ‘ಹೂಂ’ ಅಂದೆ.

ಅಪ್ಪ ನನ್ನ ಕಡೆ ತಿರುಗಿದ. ‘ನಿಮ್ಮವ್ವ ಬದುಕಿದ್ದಾಗ್ಲೇ ಹೇಳ್ಬೇಕು ಅಂತಿದ್ದೆ. ಆಗ್ಲಿಲ್ಲ. ನಿನ್ನ ಮದುವ್ಯಾಗೆ ಹೇಳ್ಬೇಕು ಅಂತಿದ್ದೆ, ಬೀಗರ ಮುಂದೆ ಬಾಯಿ ಬರ್ಲಿಲ್ಲ. ಇವತ್ತು ಆ ಮೀನು ಎತ್ತಿದಾಗ, ಅಬ್ಬಾ, ದೇವರು ದಾರಿ ಕೊಟ್ಟ ಅಂದ್ಕಂಡೆ. ನಲವತ್ತು ವರ್ಷಕ್ಕೂ ಹೆಚ್ಚಾತು ಕಣಲೇ ಆ ಮಾತು ನಾಲಿಗೆ ಮ್ಯಾಲೆ ಬರಾಕೆ. ಬಂದ ದಿನ ನೀನೇ ಅದರ ಬಾಯಿ ಮುಚ್ಚಿದೆಯಲ್ಲೋ.’

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಬೆಳಗ್ಗೆಯೇ ಹೋಗಿ ಎಲ್ಲರಿಗೂ ಹೇಳುತ್ತೇನೆ ಅಂದೆ. ಹೇಳಿಯೂ ಹೇಳಿದೆ. ಮೊದಲ ಬಸ್ಸು ಬಿಟ್ಟು, ಹೋಟೆಲಿನಲ್ಲಿ ಕೂತು, ಕಚ್ಚಾ ಮಣದ ಲೆಕ್ಕವನ್ನು ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ‘ನಿನ್ನೆ ಸತ್ಯ ಹೇಳಿದೆ, ಇವತ್ತು ಮಂಡಿ ಲೆಕ್ಕ ಹೇಳ್ತಿದೀಯ. ಮೀನು ನಿಂದೇ ದೊಡ್ಡದು ಅನ್ನಿಸ್ಕಳ್ಳೋ ಚಟ ನಿಂಗೆ’ ಅಂದರು ಕುರಿ ವ್ಯಾಪಾರಿ. ಆಮೇಲೆ ನಾನು ಬಾಯಿ ತೆರೆದಾಗಲೆಲ್ಲ ಅಪ್ಪನ ಹೆಸರಿಗೆ ಹೊಟ್ಟೆಕಿಚ್ಚು ಪಡುವ ಮಗನೆಂದು ನೋಡತೊಡಗಿದರು. ವರ್ಷ ಕಳೆದ ಹಾಗೆ ಅಪ್ಪನ ಮೀನು ಒಂದು ಮಣದಿಂದ ಒಂದೂಕಾಲು ಮಣಕ್ಕೆ ಬೆಳೆಯಿತು.

ಅಪ್ಪ ಇನ್ನೂ ಆರು ವರ್ಷ ಬದುಕಿದ್ದ. ಆ ಮೀನಿನ ಕಥೆ ಹೇಳು ಅಂತ ಯಾರಾದರೂ ಕೇಳಿದರೆ, ‘ನನ್ನ ಮಗ ಹೇಳ್ತಾನೆ, ಅವನಿಗೆ ನನಗಿಂತ ಚೆನ್ನಾಗಿ ಗೊತ್ತೈತೆ’ ಅಂತ ಎದ್ದು ಒಳಗೆ ಹೋಗುತ್ತಿದ್ದ. ಬಂದವರು ನನ್ನ ಕಡೆ ತಿರುಗಿ ಕಾಯುತ್ತಿದ್ದರು. ಒಳಗೆ ಅವನು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಗೊತ್ತಿದ್ದೂ, ನಾನು ಕಂಬಳಿಯಿಂದ ಶುರುಮಾಡಿ ಪಕ್ಕಾ ಮಣದವರೆಗೂ ಹೇಳುತ್ತಿದ್ದೆ.